ಹೊಸಬರನ್ನು ಬಣ್ಣಿಸುವಾಗ ಪದ ಆರಿಸುವ ಬಗೆ

ಶಿಫಾರಸು ಪತ್ರ, ಶಾಲೆಯ ವಾರ್ಷಿಕ ಸಂಚಿಕೆ, ಊರಿನ ಕವಿಗೋಷ್ಠಿಯ ಆಮಂತ್ರಣ ಪತ್ರಿಕೆ, ಪತ್ರಿಕೆಯ ಸ್ಥಳೀಯ ವರದಿ, ಇವುಗಳಲ್ಲಿ ಈಗಷ್ಟೇ ಒಂದು ಕೆಲಸಕ್ಕೆ ಕೈಹಚ್ಚಿದವರ ಬಗ್ಗೆ ಬರೆಯುವಾಗ ನಮ್ಮ ಲೇಖನಿ ‘ಅನನುಭವಿ’ ಮತ್ತು ‘ಉದಯೋನ್ಮುಖ’ ಎಂಬ ಎರಡು ಪದಗಳ ಬಳಿ ಬಂದು ನಿಂತುಬಿಡುತ್ತದೆ. ಮೊದಲನೆಯದು ಆ ವ್ಯಕ್ತಿಯಲ್ಲಿ ಇಲ್ಲದ್ದನ್ನು ಮಾತ್ರ ಹೇಳುತ್ತದೆ, ಎರಡನೆಯದು ಏನನ್ನೂ ಹೇಳದೆ ಹೊಗಳುತ್ತದೆ. ಆದ್ದರಿಂದ ಪದ ಹುಡುಕುವ ಮೊದಲು, ಇವರು ಎಲ್ಲಿಯವರೆಗೆ ಬಂದಿದ್ದಾರೆ ಎಂದು ಕೇಳಿಕೊಳ್ಳಬೇಕು. ಬರೀ ಬಯಸಿದ್ದಾರೆಯೇ, ಅರ್ಜಿ ಹಾಕಿದ್ದಾರೆಯೇ, ಕಲಿಯುತ್ತಿದ್ದಾರೆಯೇ ಅಥವಾ ಕೆಲಸ ಆರಂಭಿಸಿದ್ದಾರೆಯೇ ಎಂಬುದು ಸ್ಪಷ್ಟವಾದರೆ ಪದ ತಾನಾಗಿಯೇ ಸಿಗುತ್ತದೆ.

ಬಯಕೆಯ ಹಂತದಲ್ಲಿರುವವರಿಗೆ ‘ಆಕಾಂಕ್ಷಿ’ ಎಂಬ ಪದವಿದೆ. ಬೆಳಗಾವಿ ಜಿಲ್ಲೆಯ ಯಾವುದೇ ಚುನಾವಣಾ ವರದಿಯನ್ನು ಓದಿದರೂ ‘ಟಿಕೆಟ್ ಆಕಾಂಕ್ಷಿ’ ಎಂಬ ಮಾತು ಎದುರಾಗುತ್ತದೆ, ಮತ್ತು ಅಲ್ಲಿ ಅದು ಸರಿಯಾಗಿಯೇ ಬಳಕೆಯಾಗುತ್ತದೆ. ಪಕ್ಷ ಹೆಸರು ಘೋಷಿಸಿದ ಮೇಲೆ ಅಥವಾ ನಾಮಪತ್ರ ಸಲ್ಲಿಸಿದ ಮೇಲೆ ಅದೇ ವ್ಯಕ್ತಿ ‘ಅಭ್ಯರ್ಥಿ’ಯಾಗುತ್ತಾರೆ. ವಿಜಯಪುರದ ಕೋಚಿಂಗ್ ತರಗತಿಗಳಲ್ಲಿ ಓದುತ್ತಿರುವ ಯುವಕ ಯುವತಿಯರು ಹುದ್ದೆಯ ಆಕಾಂಕ್ಷಿಗಳು. ಅರ್ಜಿ ಸಲ್ಲಿಸಿ ಪ್ರವೇಶಪತ್ರ ಪಡೆದವರು ಅಭ್ಯರ್ಥಿಗಳು. ಸೇನೆಯ ವಿಷಯದಲ್ಲಂತೂ ಈ ಗೊಂದಲ ಹೆಚ್ಚು. 2022ರಲ್ಲಿ ಘೋಷಣೆಯಾದ ಅಗ್ನಿಪಥ ಯೋಜನೆಯಡಿ ಆಯ್ಕೆಯಾಗಿ, ಬೆಳಗಾವಿಯ ಮರಾಠಾ ಲಘು ಪದಾತಿದಳದ ಕೇಂದ್ರದಲ್ಲಿ ತರಬೇತಿ ಪಡೆಯುತ್ತಿರುವವನು ಅಗ್ನಿವೀರ. ಹೊರಗಿನ ಮೈದಾನದಲ್ಲಿ ನಸುಕಿನಲ್ಲಿ ಓಡುತ್ತಿರುವವನು ಇನ್ನೂ ಸೇನಾ ಆಕಾಂಕ್ಷಿ. ‘ಆಕಾಂಕ್ಷಿ’, ‘ಅಭ್ಯರ್ಥಿ’ ಎಂಬ ಎರಡೂ ಪದಗಳಿಗೆ ಹೆಣ್ಣು ಗಂಡೆಂಬ ಭೇದವಿಲ್ಲದಿರುವುದು ಆಡಳಿತದ ಬರವಣಿಗೆಗೆ ಒಂದು ಅನುಕೂಲವೇ ಸರಿ.

ಕಲಿಯುತ್ತಿರುವವರ ವಿಷಯಕ್ಕೆ ಬಂದರೆ ಎಚ್ಚರಿಕೆ ಹೆಚ್ಚು ಬೇಕು. ‘ತರಬೇತುದಾರ’ ಎಂದರೆ ತರಬೇತಿ ಕೊಡುವವನು. ತರಬೇತಿ ಪಡೆಯುವವನನ್ನು ಹಾಗೆ ಕರೆದು ಗುರುವನ್ನೂ ಶಿಷ್ಯನನ್ನೂ ಒಂದೇ ಮಾಡುವ ವರದಿಗಳು ಬರುತ್ತಲೇ ಇರುತ್ತವೆ. ಪಡೆಯುವವರಿಗೆ ‘ತರಬೇತಿನಿರತ’, ‘ಪ್ರಶಿಕ್ಷಣಾರ್ಥಿ’ ಎನ್ನಬಹುದು, ಶಿಬಿರವಾದರೆ ‘ಶಿಬಿರಾರ್ಥಿ’ ಎನ್ನಬಹುದು. ‘ಕಲಿಕಾರ್ಥಿ’ ಎಂಬುದನ್ನು ಅರಿಸಮಾಸವೆಂದು, ಅಂದರೆ ಕನ್ನಡ ಪದಕ್ಕೆ ಸಂಸ್ಕೃತ ಪದವನ್ನು ಸಲ್ಲದಂತೆ ಬೆಸೆದದ್ದೆಂದು, ತಳ್ಳಿಹಾಕುವ ಪಂಡಿತರಿದ್ದಾರೆ. ಆದರೆ ಶಿಕ್ಷಣ ಕ್ಷೇತ್ರದಲ್ಲಿ ಅದು ಬೇರುಬಿಟ್ಟಾಗಿದೆ, ಅದನ್ನು ಕೀಳುವ ಶ್ರಮ ವ್ಯರ್ಥ. ಕಾರ್ಖಾನೆ ಅಥವಾ ಸಾರಿಗೆ ಘಟಕದಲ್ಲಿ ಒಪ್ಪಂದದ ಮೇರೆಗೆ ಕಸುಬು ಕಲಿಯುವವರನ್ನು ‘ಶಿಶಿಕ್ಷು’ ಎನ್ನುತ್ತಾರೆ. ಆಡುಮಾತಿನಲ್ಲಿ ಅದು ‘ಅಪ್ರೆಂಟಿಸ್’. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಅವರು ತರಬೇತಿ ಪಡೆಯುವವರೇ ಹೊರತು ಕಾರ್ಮಿಕರಲ್ಲ, ಅವರಿಗೆ ಸಲ್ಲುವುದು ಸಂಬಳವಲ್ಲ, ಶಿಷ್ಯವೇತನ. ಆದಕಾರಣ ಅವರ ಅನುಭವ ಪತ್ರದಲ್ಲಿ ‘ನೌಕರಿ ಮಾಡಿದ್ದಾರೆ’ ಎಂದು ಬರೆದರೆ ಆ ಪತ್ರ ಮುಂದೆ ಅವರಿಗೇ ತೊಡಕಾಗಬಹುದು.

‘ಸಾಧಕ’ ಎಂಬ ಪದದ ಕಥೆ ಬೇರೆ. ಬಾದಾಮಿ ತಾಲ್ಲೂಕಿನಲ್ಲಿ ಮಲಪ್ರಭೆಯ ದಂಡೆಯ ಮೇಲಿರುವ ಶಿವಯೋಗಮಂದಿರವನ್ನು ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಸ್ಥಾಪಿಸಿದರು. ಮುಂದೆ ಮಠಗಳ ಹೊಣೆ ಹೊರಲಿರುವವರು ಅಲ್ಲಿ ವಟುಗಳಾಗಿ, ಸಾಧಕರಾಗಿ ಕಲಿಯುತ್ತಾರೆ. ಅಲ್ಲಿ ಸಾಧಕನೆಂದರೆ ಸಾಧನೆಯಲ್ಲಿ ತೊಡಗಿರುವವನು, ಇನ್ನೂ ಹಾದಿಯಲ್ಲಿರುವವನು. ಅದೇ ಬಾಗಲಕೋಟೆಯ ಯಾವುದೋ ಸಭಾಭವನದಲ್ಲಿ ‘ಸಾಧಕರಿಗೆ ಸನ್ಮಾನ’ ಎಂಬ ಬ್ಯಾನರ್ ಕಂಡರೆ, ಅಲ್ಲಿ ಶಾಲು ಹೊದೆಯಲಿರುವವರು ಈಗಾಗಲೇ ಸಾಧಿಸಿ ಮುಗಿಸಿದವರು. ಎರಡೂ ಅರ್ಥಗಳು ಇಂದು ಜೀವಂತವಾಗಿರುವುದರಿಂದ, ಓದುಗ ಯಾವುದನ್ನು ಹಿಡಿಯುತ್ತಾನೆಂಬುದು ಸಂದರ್ಭದಿಂದ ಸ್ಪಷ್ಟವಾಗದಿದ್ದಲ್ಲಿ ‘ಸಂಗೀತ ಸಾಧಕಿ’ ಎನ್ನುವ ಬದಲು ‘ಸಂಗೀತಾಭ್ಯಾಸಿ’ ಎಂದೋ ‘ಹಿರಿಯ ಗಾಯಕಿ’ ಎಂದೋ ಬಿಡಿಸಿ ಬರೆಯುವುದು ಲೇಸು.

‘ಹವ್ಯಾಸಿ’ಯನ್ನು ಹೊಸಬನೆಂದು ತಿಳಿಯಬಾರದು. ವೃತ್ತಿ ನಾಟಕ ಕಂಪನಿಗಳು ಮೆರೆದ ಈ ಉತ್ತರ ಕರ್ನಾಟಕದ ಸೀಮೆಯಲ್ಲಿ, ಜಾತ್ರೆಗೊಮ್ಮೆ ಬಣ್ಣ ಹಚ್ಚುವ ರೈತ ಮೂವತ್ತು ವರ್ಷದಿಂದ ಪಾತ್ರ ಮಾಡುತ್ತಿದ್ದರೂ ಹವ್ಯಾಸಿಯೇ.

ಇನ್ನು ಕೊರತೆಯನ್ನು ಹೇಳಲೇಬೇಕಾದ ಸಂದರ್ಭ. ‘ಅಪಕ್ವ’, ‘ಎಳಸು’, ‘ಅರೆಬೆಂದ’ ಇವೆಲ್ಲ ವ್ಯಕ್ತಿಯ ಸ್ವಭಾವವನ್ನೇ ಅಳೆಯುವ ಪದಗಳಾದ್ದರಿಂದ ಅವುಗಳನ್ನು ಬರಹಕ್ಕೆ ಅಥವಾ ವಾದಕ್ಕೆ ಅಂಟಿಸಬಹುದು, ಮನುಷ್ಯನಿಗೆ ಅಂಟಿಸಬಾರದು. ‘ಇನ್ನೂ ಕಚ್ಚಾ ಅದಾನ’, ‘ಕೈ ಕುಂತಿಲ್ಲ’ ಎಂದು ನಮ್ಮ ಕಡೆ ಆಡುವ ಮಾತಿನಲ್ಲಿ ಸಲುಗೆಯಿದೆ. ಅದರಲ್ಲೂ ‘ಕೈ ಕುಂತಿಲ್ಲ’ ಎಂಬುದು ನಾಳೆ ಕೈ ಕೂರುತ್ತದೆಂಬ ಭರವಸೆಯನ್ನೂ ಉಳಿಸಿಕೊಂಡಿರುವುದರಿಂದ ನನಗೆ ಅದು ಅನನುಭವಿಗಿಂತ ಮೇಲೆನಿಸುತ್ತದೆ. ಆದರೆ ‘ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ’ ಎಂಬ ಗಾದೆ ಒಂದು ಸಮುದಾಯದ ಹೆಸರನ್ನು ಎಳೆದು ತರುವುದರಿಂದ ಕಚೇರಿಯ ಕಾಗದಕ್ಕೆ ಸಲ್ಲದು. ಕೊರತೆಯ ಜಾಗದಲ್ಲಿ ಗಳಿಕೆಯನ್ನು ಇಟ್ಟ ಒಳ್ಳೆಯ ಪದ ಬೇಕೆಂದರೆ ‘ನವಸಾಕ್ಷರ’ವನ್ನು ನೋಡಬೇಕು. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಆರಂಭವಾದ ಮೇಲೆ ನಡೆದ ಆಂದೋಲನಗಳಲ್ಲಿ, ದೊಡ್ಡವರಾದ ಮೇಲೆ ಅಕ್ಷರ ಕಲಿತವರನ್ನು ಹಾಗೆ ಕರೆದರು. ಅವರನ್ನೇ ‘ಅರೆಸಾಕ್ಷರ’ ಎಂದಿದ್ದರೆ ಕಲಿತ ಅರ್ಧ ಮರೆಯಾಗಿ ಕಲಿಯದ ಅರ್ಧವಷ್ಟೇ ಉಳಿಯುತ್ತಿತ್ತು.

ಒಂದೇ ಪದ ಸಿಗದಿದ್ದರೆ ವಾಕ್ಯವನ್ನೇ ಬಳಸಬೇಕು. ಇಳಕಲ್ಲಿನ ಮಗ್ಗದ ಮುಂದೆ ಕೂತ ಯುವಕನಿಗೆ ಪರಿಚಯ ಪತ್ರ ಬರೆಯುವಾಗ ‘ಅನನುಭವಿ ನೇಕಾರ’ ಎಂದರೆ ಮಾಲೀಕನಿಗೆ ಏನೂ ತಿಳಿಯುವುದಿಲ್ಲ. ‘ಸೀರೆಯ ಒಡಲನ್ನು ಸ್ವತಂತ್ರವಾಗಿ ನೇಯಬಲ್ಲರು, ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ಹಾಸಿನ ಎಳೆಗಳನ್ನು ಜೋಡಿಸುವ ಕೊಂಡಿಯ ಕೆಲಸವನ್ನು ಕಲಿಯುತ್ತಿದ್ದಾರೆ’ ಎಂದರೆ ಅವನಿಗೆ ಯಾವ ಕೆಲಸ ಕೊಡಬೇಕು, ಯಾರ ಪಕ್ಕ ಕೂರಿಸಬೇಕು ಎಂಬುದು ಓದಿದ ಕೂಡಲೇ ಗೊತ್ತಾಗುತ್ತದೆ.

‘ಉದಯೋನ್ಮುಖ’ ಪದಕ್ಕೆ ಒಂದು ಅವಧಿಯನ್ನು ಹಾಕಿಕೊಳ್ಳುವುದು ಒಳ್ಳೆಯದು. ನಾಲ್ಕು ಸಂಕಲನ ಪ್ರಕಟಿಸಿದ, ತಲೆ ನರೆತ ಕವಿಯನ್ನು ತಾಲ್ಲೂಕು ಸಮ್ಮೇಳನದ ಆಮಂತ್ರಣದಲ್ಲಿ ಉದಯೋನ್ಮುಖರ ಸಾಲಿಗೆ ಸೇರಿಸಿದರೆ, ಅವರು ವೇದಿಕೆಯ ಮೇಲೆ ನಕ್ಕರೂ ಒಳಗೆ ನೊಂದಿರುತ್ತಾರೆ. ಬಿಡಿ ಕವಿತೆಗಳು ಪತ್ರಿಕೆಗಳಲ್ಲಿ ಬರತೊಡಗಿ ಇನ್ನೂ ಪುಸ್ತಕವಾಗದ ಕಾಲಕ್ಕೆ ಮಾತ್ರ ಆ ಪದವನ್ನು ಮೀಸಲಿಟ್ಟು, ಮೊದಲ ಸಂಕಲನ ಹೊರಬಂದ ಮೇಲೆ ‘ಕವಿ’ ಎಂದಷ್ಟೇ ಬರೆದು, ಪಕ್ಕದಲ್ಲಿ ಆ ಸಂಕಲನದ ಹೆಸರನ್ನು ಕೊಟ್ಟರೆ ಸಾಕು.