ನಾಲ್ಕು ಪಿಸ್ತೂಲು, ಒಂದೇ ನಂಬರು

ಕೋಲ್ಟ್‌ನವರ (ಅಮೆರಿಕದ ಬಂದೂಕು ಕಂಪನಿ) ಮೊದಲ ಮಹಾಯುದ್ಧದ ನೆನಪಿನ ‘1911’ ಮಾದರಿಯ ಪಿಸ್ತೂಲು ನಾಲ್ಕೂ ನನ್ನ ಸಂಗ್ರಹಕ್ಕೆ ಸೇರಿದವು, ಅದೂ ಒಂದೇ ಸೀರಿಯಲ್ ನಂಬರಿನವು. ‘ಈ ಜನ್ಮದಲ್ಲಿ ಆಗಲ್ಲ ಬಿಡು’ ಅಂದಿದ್ದ ಓಹಾಯೋ ರಾಜ್ಯದ ಹಳೇ ಸಂಗ್ರಾಹಕರು ಈಗ ಫೋಟೋ ಕೇಳುತ್ತಿದ್ದಾರೆ.

ಲೆಕ್ಕ ಇಷ್ಟು, ಆ ಯುದ್ಧದ ಒಂದೊಂದು ಕಾಳಗದ ಹೆಸರಲ್ಲಿ ಒಂದೊಂದು ಪಿಸ್ತೂಲು. 1967ರಲ್ಲಿ ಶಾತೋ-ತಿಯರಿ, ಮರುವರ್ಷ ಬೆಲೋ ವುಡ್, 1969ರಲ್ಲಿ ಮಾರ್ನ್ ಮತ್ತು ಮ್ಯೂಸ್-ಆರ್ಗಾನ್. ಸಾದಾ ಮಾದರಿ ಒಂದೊಂದರಲ್ಲೂ 7,400 ಪಿಸ್ತೂಲು. ದುಬಾರಿ ಡಿಲಕ್ಸ್ ಮಾದರಿಯ ಕಡೆ ನಾನು ತಲೆ ಹಾಕಲಿಲ್ಲ, ಜೇಬು ಬಿಡಲಿಲ್ಲ.

ಮೊದಲು ನಮ್ಮ ಮದುವೆ ತಾರೀಖಿನ ನಂಬರೇ ಬೇಕು ಅಂತ ಹಠ ಹಿಡಿದೆ. ನಾಲ್ಕು ವರ್ಷಕ್ಕೆ ಸಿಕ್ಕಿದ್ದು ಒಂದೇ ಒಂದು. ಅದಕ್ಕೂ 1,300 ಡಾಲರ್ ಕೊಟ್ಟೆ. ‘ಹಾರಿಸಿಯೇ ಇಲ್ಲ’ ಅಂದಿದ್ದರು ಮಾರಿದವರು. ಬಿಚ್ಚಿ ನೋಡಿದರೆ ಬ್ರೀಚ್ ಮುಖದ ಮೇಲೆ, ಅಂದರೆ ಗುಂಡಿನ ಹಿಂಬದಿ ಒರಗುವ ಜಾಗದಲ್ಲಿ, ಹಿತ್ತಾಳೆಯ ಬಣ್ಣ! ಹಾರಿಸಿದ್ದರ ಗುರುತು. ನಷ್ಟಕ್ಕೇ ಮಾರಿದೆ.

ಆಮೇಲೆ ದಾರಿ ಬದಲಿಸಿದೆ. ಒಂದು ನಂಬರಿನ ಬೆನ್ನು ಹತ್ತುವುದು ಬಿಟ್ಟು, ಕಣ್ಣಿಗೆ ಬಿದ್ದ ನಂಬರನ್ನೆಲ್ಲ ಬರೆದಿಟ್ಟೆ. ಹರಾಜಿನ ಫೋಟೋ, ಗನ್ ಶೋ ಮೇಜು, ಹಳೇ ಕ್ಯಾಟಲಾಗು, ಏನೂ ಬಿಡಲಿಲ್ಲ. ಸುಮಾರು 1,200 ನಂಬರ್ ದಾಟುವ ಹೊತ್ತಿಗೆ ಒಂದೇ ನಂಬರಿನ ಜೋಡಿಗಳು ಬೇಕಾದಷ್ಟು. ಒಂದೇ ನಂಬರಿನ ಮೂರು ಕೂಡಿದ್ದು ಎರಡೇ ಕಡೆ. ಅದರಲ್ಲಿ ಒಂದರ ಮಾಲೀಕರಿಗೆ ಕಾಗದ ಬರೆದೆ. ಇ-ಮೇಲ್ ಅಲ್ಲ, ಕೈಬರಹದ ಕಾಗದ. ಒಳಗೆ ಏನು ಬರೆದೆ, ನಾಲ್ಕನೆಯದನ್ನು ಎಲ್ಲಿಂದ ಹೊರಡಿಸಿದೆ ಅಂತ ಕೇಳಬೇಡಿ, ಇನ್ನೊಂದು ಸೆಟ್ ಬಾಕಿ ಇದೆ. ಒಟ್ಟು 6,000 ಡಾಲರ್ ಮೇಲೇ ಆಗಿರಬೇಕು. ಕ್ಯೂರಿಯೋ ಲೈಸೆನ್ಸ್ (ಹಳೇ ಬಂದೂಕು ಸಂಗ್ರಹಿಸುವವರಿಗೆ ಅಮೆರಿಕ ಸರ್ಕಾರ ಕೊಡುವ ಪರವಾನಗಿ) ಇದ್ದದ್ದರಿಂದ ಪಾರ್ಸೆಲ್ ನೇರ ಮನೆಗೇ ಬಂತು. ಮೂರು ವರ್ಷಕ್ಕೆ 30 ಡಾಲರ್, ಅಷ್ಟು ಸಾರ್ಥಕ ಖರ್ಚು ಬೇರೆ ಮಾಡಿಲ್ಲ.

ನಡುವೆ ಒಂದು ಪೆಟ್ಟು ತಿಂದೆ. ಆಯುಧ ಪೂಜೆ ದಿನ ಮನೆಯವಳು ಬೆಲೋ ವುಡ್‌ನ ಸ್ಲೈಡಿಗೆ (ಪಿಸ್ತೂಲಿನ ಮೇಲಿನ ಜಾರುವ ಭಾಗ) ಗಂಧ, ಕುಂಕುಮ ಇಟ್ಟಳು. ಬೇಡ ಅನ್ನೋಕೆ ಬಾಯಿ ಬರಲಿಲ್ಲ, ಒರೆಸೋದೂ ಮರೆತೆ. ಎರಡು ದಿನಕ್ಕೆ ಉಕ್ಕಿನ ನೀಲಿ ಹೊಳಪಿನ ಮೇಲೆ ಕಾಳಿನಷ್ಟು ತುಕ್ಕು. ಆಮೇಲೆ ಹಳೇ ಕಬ್ಬಿಣದ ತುಂಡುಗಳಲ್ಲಿ ಕೆಲವಕ್ಕೆ ಎಣ್ಣೆ, ಕೆಲವಕ್ಕೆ ರೆನೆಸಾನ್ಸ್ ವ್ಯಾಕ್ಸ್ (ಹಳೇ ವಸ್ತು ಕಾಪಾಡಲು ಹಚ್ಚುವ ಮೇಣ) ಹಚ್ಚಿ ನೆಲಮಾಳಿಗೆಯಲ್ಲಿ ಒಂದು ಮಳೆಗಾಲ ಬಿಟ್ಟೆ. ವ್ಯಾಕ್ಸ್ ಗೆದ್ದಿತು. ಈಗ ಪೂಜೆಯ ಕುಂಕುಮ ಸೇಫಿನ ಬಾಗಿಲಿಗೆ.

ಚೆಂದದ ಮರದ ಪೆಟ್ಟಿಗೆಯಲ್ಲಂತೂ ಇಡಲೇಬೇಡಿ, ಒಳಗಿನ ಬಟ್ಟೆ ತೇವ ಹಿಡಿದಿಡುತ್ತೆ. ನನ್ನ ನಾಲ್ಕೂ ಸೇಫಿನೊಳಗೆ ಕಾಲುಚೀಲದಂಥ ಗವಸಿನಲ್ಲಿವೆ. ಮನೆಗೆ ಬಂದವರು ಶೆಲ್ಫಿನ ಖಾಲಿ ಪೆಟ್ಟಿಗೆಗಳನ್ನೇ ನೋಡಿ ಆಹಾ ಅನ್ನುತ್ತಾರೆ.