ಅರ್ಧಾಯು ಪಾಠಕ್ಕೆ ಕಾಫಿ ಬೀಜ

ನಾನು ಮಡಿಕೇರಿ ಹತ್ತಿರದ ಒಂದು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಅಸ್ಥಿರ ಪರಮಾಣುವಿನ ನ್ಯೂಕ್ಲಿಯಸ್ (ನಡುವಿನ ತಿರುಳು) ವಿಕಿರಣ ಸೂಸಿ ಬದಲಾಗುವುದೇ ವಿಕಿರಣ ಕ್ಷಯ, ಇರುವುದರಲ್ಲಿ ಅರ್ಧ ಹಾಗೆ ಕ್ಷಯವಾಗಲು ಹಿಡಿಯುವ ಸಮಯವೇ ಅರ್ಧಾಯು. ಇದರ ಸೂತ್ರವನ್ನು ಮಕ್ಕಳು ಬಾಯಿಪಾಠ ಮಾಡಿ ಲೆಕ್ಕ ಬಿಡಿಸಿಬಿಡುತ್ತಾರೆ. ಆದರೆ "ಅರ್ಧಾಯು 8 ದಿನ ಅಂದ್ರೆ 16 ದಿನಕ್ಕೆ ಪೂರ್ತಿ ಮುಗೀತು ಅಲ್ವಾ ಮೇಡಂ?" ಅಂತ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಬೋರ್ಡಿನ ಮೇಲೆ ಎಷ್ಟು ಬರೆದರೂ ಆ ಅನುಮಾನ ಹೋಗುತ್ತಿರಲಿಲ್ಲ.

ಒಂದು ದಿನ ಮನೆಯಿಂದ ಒಣಗಿದ ಕಾಫಿ ಬೀಜ ತೆಗೆದುಕೊಂಡು ಹೋದೆ. ಒಂದು ಮೈ ಚಪ್ಪಟೆ, ಇನ್ನೊಂದು ಮೈ ಉಬ್ಬು, ಚೌಕಾಬಾರದ ಕವಡೆ ಥರ. 200 ಬೀಜ ಎಣಿಸಿ, ಡಬ್ಬಿಯಲ್ಲಿ ಕುಲುಕಿ, ಮೊರದ ಮೇಲೆ ಚೆಲ್ಲಿದೆವು. ಚಪ್ಪಟೆ ಮೈ ಮೇಲೆ ಬಂದರೆ ಆ ಬೀಜ ಕ್ಷಯವಾಯಿತು ಅಂತ ತೆಗೆದಿಡುವುದು, ಉಳಿದದ್ದನ್ನು ಎಣಿಸಿ ಬರೆದುಕೊಂಡು ಮತ್ತೆ ಚೆಲ್ಲುವುದು.

ಒಂದು ಸಲಕ್ಕೆ ಅರ್ಧ ಹೋಗುತ್ತದೆ ಅಂದುಕೊಂಡಿದ್ದೆ. ಹೋಗಿದ್ದು ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು, ಯಾಕೆಂದರೆ ಚಪ್ಪಟೆ ಮೈ ಕೆಳಗಾಗಿ ಕೂರುವುದೇ ಬೀಜಕ್ಕೆ ಸುಲಭ. ಇದರಿಂದ ಪಾಠಕ್ಕೆ ಒಳ್ಳೆಯದೇ ಆಯಿತು. ಅರ್ಧ ಆಗಲು ಎರಡು ಎಸೆತಕ್ಕಿಂತ ಸ್ವಲ್ಪ ಕಡಿಮೆ ಬೇಕು, ಅದೇ ಈ ಬೀಜದ ಅರ್ಧಾಯು. ಸ್ಕ್ಯಾನಿಂಗಿಗೆ ಬಳಸುವ ಟೆಕ್ನೀಷಿಯಂ-99ಎಂಗೆ ಅದು 6 ಗಂಟೆ, ಕಾರ್ಬನ್-14ಕ್ಕೆ ಸುಮಾರು 5,730 ವರ್ಷ. (20 ಬೀಜ ಇಟ್ಟುಕೊಂಡು ಮಾಡಬೇಡಿ, ಗ್ರಾಫ್ ಅಂಕುಡೊಂಕಾಗುತ್ತದೆ.)

ಐದು ಎಸೆತ ಆದರೂ ಉಳಿದಿದ್ದ ಒಂದು ಬೀಜ ತೋರಿಸಿ ಒಬ್ಬ ಹುಡುಗ, "ಇದಕ್ಕೆ ವಯಸ್ಸಾಯ್ತು ಮೇಡಂ, ಈ ಸಲ ಹೋಗೇ ಹೋಗುತ್ತೆ" ಅಂದ. ಹೋಗಲಿಲ್ಲ. ಹಿಂದಿನ ಎಸೆತ ಬೀಜಕ್ಕೆ ನೆನಪಿರುವುದಿಲ್ಲ. ನ್ಯೂಕ್ಲಿಯಸ್ಸೂ ಹಾಗೇ, ಅದಕ್ಕೆ ಮುಪ್ಪು ಬರುವುದಿಲ್ಲ. ನನಗೆ ಇಡೀ ಪಾಠದಲ್ಲಿ ಮುಖ್ಯ ಅನಿಸುವುದು ಇದೇ. ಇದು ತಿಳಿದರೆ ಉಳಿದದ್ದರಲ್ಲಿ ಅರ್ಧ, ಮತ್ತೆ ಅದರಲ್ಲಿ ಅರ್ಧ ಅನ್ನುವುದು ತಾನಾಗಿ ಅರ್ಥವಾಗುತ್ತದೆ.

ಕೊನೆಗೆ ಏಳೆಂಟು ಬೀಜ ಎಷ್ಟು ಚೆಲ್ಲಿದರೂ ಹೋಗಲೇ ಇಲ್ಲ. ನೋಡಿದರೆ ಪೀಬೆರಿ! ದುಂಡಗಿನ ಬೀಜಕ್ಕೆ ಚಪ್ಪಟೆ ಮೈಯೇ ಇಲ್ಲವಲ್ಲ. ಮೊದಲೇ ಆರಿಸಿ ತೆಗೆಯಬೇಕಿತ್ತು, ಆದರೆ ಈಗ ಬೇಕೆಂದೇ ಸೇರಿಸುತ್ತೇನೆ, ಸ್ಥಿರ ನ್ಯೂಕ್ಲಿಯಸ್ ಅಂದರೆ ಏನು ಅಂತ ತೋರಿಸಲು. ತೋಟಕ್ಕೆ ಹಾಕುವ ಪೊಟ್ಯಾಷ್ ಗೊಬ್ಬರದಲ್ಲೂ ಹೀಗೇ ಎರಡೂ ಬೆರೆತಿವೆ. ಪೊಟ್ಯಾಸಿಯಂ ಪರಮಾಣುಗಳಲ್ಲಿ ಬಹುಪಾಲು ಸ್ಥಿರ, ಸುಮಾರು 10,000ಕ್ಕೆ ಒಂದು ಮಾತ್ರ ಪೊಟ್ಯಾಸಿಯಂ-40. ಅದರಲ್ಲಿ 19 ಪ್ರೋಟಾನ್, 21 ನ್ಯೂಟ್ರಾನ್, ಎರಡೂ ಬೆಸ ಸಂಖ್ಯೆ. ಜೋಡಿ ಸಿಗದ ನ್ಯೂಕ್ಲಿಯಸ್ ಅದು. ಹತ್ತರಲ್ಲಿ ಸುಮಾರು ಒಂಬತ್ತು ಸಲ ಒಂದು ನ್ಯೂಟ್ರಾನ್ ಪ್ರೋಟಾನ್ ಆಗಿ, 20-20 ಇರುವ ಕ್ಯಾಲ್ಸಿಯಂ ಆಗುತ್ತದೆ. ಅರ್ಧಾಯು ಸುಮಾರು 125 ಕೋಟಿ ವರ್ಷ. ಆದರೂ 50 ಕೆಜಿ ಮೂಟೆಯಲ್ಲಿ ಸೆಕೆಂಡಿಗೆ ಏಳು ಲಕ್ಷಕ್ಕೂ ಜಾಸ್ತಿ ಕ್ಷಯ ನಡೆಯುತ್ತಿರುತ್ತದೆ. ಇದೇ ಪೊಟ್ಯಾಸಿಯಂ ಬಾಳೆಹಣ್ಣಿನಲ್ಲೂ ನಮ್ಮ ಮೈಯಲ್ಲೂ ಇದೆ, ಹೆದರಬೇಕಿಲ್ಲ ಅಂತಲೂ ಹೇಳುತ್ತೇನೆ.

ಹೋದ ವರ್ಷ ಕ್ಲಾಸ್ ಮುಗಿದ ಮೇಲೆ ಒಬ್ಬಳು ಹುಡುಗಿ ಅಲ್ಲೇ ನಿಂತಳು. ಅವಳ ಅಮ್ಮನಿಗೆ ಥೈರಾಯ್ಡ್ ತೊಂದರೆಗೆ ಅಯೋಡಿನ್-131 (ಅರ್ಧಾಯು ಸುಮಾರು 8 ದಿನ) ಕೊಟ್ಟು, ಕೆಲವು ದಿನ ಚಿಕ್ಕ ಮಕ್ಕಳಿಂದ ದೂರ ಇರಿ ಅಂದಿದ್ದರಂತೆ. ಅವಳೇ ಸೀಮೆಸುಣ್ಣ ತೆಗೆದುಕೊಂಡು 8, 16, 24, 32 ದಿನ ಅಂತ ಬರೆದು, "ಹದಿನಾರನೇ ಒಂದು ಪಾಲು" ಅಂದಳು. ಆಮೇಲೆ, "ನನ್ನ ತಮ್ಮ ಅಮ್ಮನ ಹತ್ರ ಯಾವಾಗ ಮಲಗಬಹುದು ಮೇಡಂ?" ಅಂತ ಕೇಳಿದಳು. ಅದನ್ನು ಡಾಕ್ಟರೇ ಹೇಳಬೇಕು ಕಣಮ್ಮ, ಆದರೆ ಆ ಔಷಧಿ ಸುಮ್ನೆ ಮೈಯಲ್ಲೇ ಕೂತಿರುವುದಿಲ್ಲ, ಮೂತ್ರದಲ್ಲೂ ಹೊರಗೆ ಹೋಗುತ್ತದೆ, ನೀನು ಬರೆದ ಲೆಕ್ಕಕ್ಕಿಂತ ಬೇಗ ಕಡಿಮೆಯಾಗುತ್ತದೆ ಅಂದೆ.