ಕಾರಿನ ಮುಂದಿನ ಚಕ್ರದ ಗುಂಯ್ ಸದ್ದು, ಟಕಟಕ ಸದ್ದು – ನಾನೇ ಪತ್ತೆ ಹಚ್ಚಿದ್ದು ಹೀಗೆ

ಮುಂದಿನ ಚಕ್ರದ ಕಡೆಯಿಂದ ಏನೋ ಸದ್ದು ಬರ್ತಿದೆ ಅಂದ ಕೂಡ್ಲೇ ಜಾಕಿ ಹಾಕಿ ಬಿಚ್ಚೋಕೆ ಹೋಗ್ಬೇಡಿ, ಮೊದಲು ಗಾಡಿ ಓಡಿಸಿ ಕೇಳಿ. ಚಕ್ರ ಮೇಲಕ್ಕೆತ್ತಿದ ತಕ್ಷಣ ಅದರ ಮೇಲಿದ್ದ ಭಾರ ಹೋಗತ್ತೆ, ಭಾರ ಹೋದ್ರೆ ಸದ್ದೂ ಅರ್ಧ ಹೋಗತ್ತೆ, ಆಮೇಲೆ ಎಷ್ಟು ಅಲ್ಲಾಡಿಸಿ ನೋಡಿದ್ರೂ ಎಲ್ಲಾ ಸರಿ ಇದ್ದಂಗೇ ಕಾಣತ್ತೆ. ನಮ್ಮ ಮಲೆನಾಡಿನ ರಸ್ತೆಗಳು ಇದಕ್ಕೆ ತುಂಬಾ ಒಳ್ಳೇದು, ಎಡ ತಿರುವು ಬಲ ತಿರುವು ಏರು ಇಳಿಜಾರು ಎಲ್ಲಾ ಒಂದೇ ದಾರೀಲಿ ಸಿಗತ್ತೆ.

ನಮ್ಮದು ತೀರ್ಥಹಳ್ಳಿ ಹತ್ರದ ಹಳ್ಳಿ, ಟಾರ್ ರಸ್ತೆಯಿಂದ ಮನೆ ತನಕ ಮಣ್ಣು ರಸ್ತೆ. ಗಾಡಿ ಒಂದು ಸಣ್ಣ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಫ್ರಂಟ್ ವೀಲ್ ಡ್ರೈವ್. ಮಳೆಗಾಲ ಮುಗಿಯೋ ಹೊತ್ತಿಗೆ ಅದರಲ್ಲಿ ಎರಡು ಸದ್ದು ಸೇರಿಕೊಂಡಿತ್ತು. ಒಂದು, 40ರ ಮೇಲೆ ಹೋದ್ರೆ ಶುರುವಾಗೋ ಗುಂಯ್ ಸದ್ದು, ಪಕ್ಕದ ಊರಲ್ಲಿ ಎಲ್ಲೋ ಅಡಿಕೆ ಸುಲಿಯೋ ಮಿಷನ್ ಓಡ್ತಿದ್ದಂಗೆ, ಸ್ಪೀಡ್ ಏರಿದ ಹಾಗೆ ಅದೂ ಏರ್ತಿತ್ತು. ಇನ್ನೊಂದು, ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಹೋಗುವಾಗ ಟಕ್ ಟಕ್ ಟಕ್. ಒಂದು ಗ್ಯಾರೇಜಲ್ಲಿ ನಾಲ್ಕೂ ಟೈರ್ ಹಾಕಿಸಿ ಅಂದ್ರು, ಇನ್ನೊಂದು ಕಡೆ ಗೇರ್‌ಬಾಕ್ಸ್ ಇಳಿಸ್ಬೇಕು ಅಂದ್ರು. ಎರಡೂ ದೊಡ್ಡ ಖರ್ಚು, ಎರಡಕ್ಕೂ ಅವರು ಕೊಟ್ಟ ಕಾರಣ ಮಾತ್ರ ಒಂದೇ, "ಸೌಂಡ್ ಹಂಗೇ ಇದೆ ಸಾರ್". ಹಾಗಾಗಿ ನಾನೇ ನೋಡೋಣ ಅಂತ ಕೂತೆ, ಸಹಾಯಕ್ಕೆ ಅಣ್ಣನ ಮಗ ಇದ್ದ.

ಗುಂಯ್ ಸದ್ದಿಗೆ ಮೊದಲು ಕೇಳ್ಬೇಕಾದ ಪ್ರಶ್ನೆ ಒಂದೇ, ಇದು ಇಂಜಿನ್ ಜೊತೆ ಹೋಗತ್ತಾ ಅಥವಾ ಚಕ್ರದ ಜೊತೆ ಹೋಗತ್ತಾ. ಭದ್ರಾವತಿ ಕಡೆ ಹೋಗೋ ರಸ್ತೇಲಿ ಬೆಳಿಗ್ಗೆ ಬೇಗ, ಹಿಂದೆ ಮುಂದೆ ಗಾಡಿ ಇಲ್ಲದೇ ಇರೋವಾಗ, ಸಮತಟ್ಟು ನೋಡ್ಕೊಂಡು 60ರಲ್ಲಿ ಹೋಗ್ತಾ ಐದನೇ ಗೇರಿಂದ ನಾಲ್ಕಕ್ಕೆ ತಂದೆ, ಸ್ಪೀಡ್ ಅದೇ ಇಟ್ಟೆ. ಇಂಜಿನ್ ಸದ್ದು ಜಾಸ್ತಿ ಆಯ್ತು, ಗುಂಯ್ ಸದ್ದು ಬದಲಾಗಲಿಲ್ಲ. ಆಮೇಲೆ ಕ್ಲಚ್ ಒತ್ತಿ ಗಾಡಿ ಉರುಳೋಕೆ ಬಿಟ್ಟೆ, ಇಂಜಿನ್ ಐಡಲ್‌ಗೆ ಬಂತು, ಗುಂಯ್ ಮಾತ್ರ ಹಾಗೇ ಇದ್ದು ಸ್ಪೀಡ್ ಇಳಿದ ಹಾಗೆ ನಿಧಾನಕ್ಕೆ ಇಳೀತು. ಅಲ್ಲಿಗೆ ಇಂಜಿನ್, ಕ್ಲಚ್ ಎರಡೂ ಲೆಕ್ಕದಿಂದ ಹೊರಗೆ. ಗೇರ್‌ಬಾಕ್ಸಲ್ಲಿ ಇನ್‌ಪುಟ್ ಕಡೆದೂ (ಇಂಜಿನ್ ಕಡೆಯ ಭಾಗ) ಹೊರಗೆ, ಆದ್ರೆ ಡಿಫರೆನ್ಷಿಯಲ್ (ಎರಡೂ ಚಕ್ರಕ್ಕೆ ಎಳೆತ ಹಂಚೋ ಗೇರುಗಳು) ಬೇರಿಂಗ್ ಚಕ್ರದ ಜೊತೇನೇ ತಿರುಗೋದ್ರಿಂದ ಅದೊಂದು ಅನುಮಾನ ಉಳೀತು. ಈ ಪರೀಕ್ಷೆನ ಘಾಟಿ ಇಳಿಯೋವಾಗ ಯಾವತ್ತೂ ಮಾಡ್ಬೇಡಿ, ಅಲ್ಲಿ ಗೇರಲ್ಲೇ ಇರ್ಬೇಕು, ಇಂಜಿನ್ ಹಿಡಿತ ಬಿಟ್ರೆ ಎಲ್ಲಾ ಭಾರ ಬ್ರೇಕ್ ಮೇಲೆ ಬೀಳತ್ತೆ.

ಟೈರ್ ವಿಷಯ ಹೇಗೆ ತಿಳಿಯೋದು ಅಂದ್ರೆ ರಸ್ತೆ ಬದಲಾದಾಗ ಕಿವಿ ಕೊಡ್ಬೇಕು. ಟೈರ್ ಹಲ್ಲು ಸವೆದು ಏರುಪೇರು ಆಗಿದ್ರೆ ಹೊಸ ನುಣುಪು ಟಾರಲ್ಲಿ ಒಂದು ಸದ್ದು, ಜಲ್ಲಿ ಎದ್ದ ಹಳೇ ಟಾರಲ್ಲಿ ಒಂದು ಸದ್ದು, ಕಾಂಕ್ರೀಟಲ್ಲಿ ಮತ್ತೊಂದು. ಚಕ್ರದ ಬೇರಿಂಗಿಗೆ (ಚಕ್ರ ಸಲೀಸಾಗಿ ತಿರುಗೋಕೆ ನಡುವೆ ಇರೋ ಗುಂಡುಗಳ ಉಂಗುರ) ರಸ್ತೆ ಯಾವುದು ಅನ್ನೋದು ಗೊತ್ತೇ ಆಗಲ್ಲ, ಅದು ಒಂದೇ ರಾಗ. ನಮ್ಮ ಗಾಡೀಲಿ ಸಣ್ಣದಾಗಿ ಟೈರ್ ಸದ್ದೂ ಇತ್ತು, ಅದು ರಸ್ತೆ ಬದಲಾದ ಹಾಗೆ ಬದಲಾಗ್ತಿತ್ತು, ಅದರ ಕೆಳಗೆ ಬದಲಾಗದೇ ಇರೋ ಗುಂಯ್ ಬೇರೇನೇ ಇತ್ತು. ಹಿಂದಿನ ಚಕ್ರ ಮುಂದೆ, ಮುಂದಿನದು ಹಿಂದೆ ಹಾಕಿ ನೋಡಿದಾಗ್ಲೂ ಗುಂಯ್ ಸದ್ದು ಮುಂದೇನೇ ಉಳೀತು. ಟೈರಿಗೆ ದುಡ್ಡು ಹಾಕೋ ಮುಂಚೆ ಈ ಅದಲು ಬದಲು ಮಾಡಲೇಬೇಕು, ಖರ್ಚಿಲ್ಲದ ಕೆಲಸ.

ಈಗ ಎಡನಾ ಬಲನಾ. ಡ್ರೈವರ್ ಸೀಟಲ್ಲಿ ಕೂತ ನನಗೆ ಸದ್ದು ಬಲಗಾಲ ಕೆಳಗಿಂದಾನೇ ಬಂದಂಗೆ ಕೇಳ್ತಿತ್ತು, ಆದ್ರೆ ಆ ಕಿವಿ ಮಾತು ನಂಬೋ ಹಂಗಿಲ್ಲ. ಕಬ್ಬಿಣದ ಬಾಡಿ ಪೂರ್ತಿ ಸದ್ದು ಹರಿದಾಡತ್ತೆ, ಅದೂ ಅಲ್ದೆ ನಾವು ಕೂತಿರೋದೇ ಬಲಕ್ಕೆ. ಇದಕ್ಕೆ ಶಿವಮೊಗ್ಗ–ತೀರ್ಥಹಳ್ಳಿ ರಸ್ತೆ ಚೆನ್ನಾಗಿ ಉಪಯೋಗ ಆಯ್ತು, ಗಾಜನೂರು ದಾಟಿ ಸಕ್ರೆಬೈಲು, ಮಂಡಗದ್ದೆ ಕಡೆ ತುಂಗಾ ಹೊಳೆ ಜೊತೆ ಕಾಡೊಳಗೆ ಹೋಗೋ ರಸ್ತೇಲಿ ಉದ್ದುದ್ದ ತಿರುವುಗಳಿವೆ, 50ರಲ್ಲಿ ಆರಾಮಾಗಿ ಹೋಗ್ಬಹುದು, ಒಂದು ತಿರುವು ಮುಗಿಯೋಕೆ ಸಾಕಷ್ಟು ಹೊತ್ತು ಬೇಕಾಗತ್ತೆ, ಅಷ್ಟು ಹೊತ್ತು ಕೇಳೋಕೆ ಸಿಗತ್ತೆ. ಬಲಕ್ಕೆ ತಿರುಗಿದಾಗ ಗಾಡಿ ಭಾರ ಎಡಗಡೆ ಚಕ್ರದ ಮೇಲೆ ಬೀಳತ್ತೆ, ಎಡಕ್ಕೆ ತಿರುಗಿದಾಗ ಬಲಗಡೆ ಚಕ್ರದ ಮೇಲೆ. ನಮ್ಮ ಗಾಡೀಲಿ ಬಲ ತಿರುವಲ್ಲಿ ಗುಂಯ್ ಜೋರಾಗ್ತಿತ್ತು, ಎಡ ತಿರುವಲ್ಲಿ ಹೆಚ್ಚುಕಮ್ಮಿ ನಿಂತೇ ಹೋಗ್ತಿತ್ತು. ಅಂದ್ರೆ ಎಡಗಡೆ ಬೇರಿಂಗ್. ಪಕ್ಕದಲ್ಲಿ ಕೂತಿದ್ದ ಹುಡುಗ "ಚಿಕ್ಕಪ್ಪ, ಸದ್ದು ನಿಮ್ ಕಡೆಯಿಂದ್ಲೇ ಬರ್ತಿದೆ" ಅಂತಾನೇ ಇದ್ದ, ನಾಲ್ಕೈದು ತಿರುವು ಆದ್ಮೇಲೆ ಅವನೇ ಒಪ್ಪಿದ. ಈ ಲೆಕ್ಕ ಸಾಮಾನ್ಯವಾಗಿ ಸರಿ ಬರತ್ತೆ, ಆದ್ರೆ ಬೇರಿಂಗ್ ಒಳಗೆ ಎರಡು ಸಾಲು ಗುಂಡು ಇರೋದ್ರಿಂದ ಯಾವ ಸಾಲು ಹಾಳಾಗಿದೆ ಅನ್ನೋದರ ಮೇಲೆ ಒಂದೊಂದ್ಸಲ ಉಲ್ಟಾನೂ ಆಗತ್ತೆ, ಅದಕ್ಕೇ ಇದೊಂದನ್ನೇ ನಂಬಿ ಬಿಚ್ಚೋದು ಬೇಡ.

ಮನೆಗೆ ಬಂದ್ಮೇಲೆ ಜಾಕಿ. ಗಟ್ಟಿ ನೆಲದಲ್ಲಿ ನಿಲ್ಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಸ್ಟ್ಯಾಂಡ್ ಹಾಕಿ ಆಮೇಲೆ ಕೈ ಹಾಕಿ, ಬರೀ ಜಾಕಿ ನಂಬಿ ಕೆಳಗೆ ಹೋಗಲೇಬೇಡಿ, ಮಳೆಗಾಲದಲ್ಲಿ ನಮ್ಮ ಮಣ್ಣು ಹೇಗೆ ಕುಸಿಯತ್ತೆ ಅಂತ ಇಲ್ಲಿಯವರಿಗೆ ಹೇಳ್ಬೇಕಾಗಿಲ್ಲ. ಚಕ್ರನ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದ್ರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್ (ಸಸ್ಪೆನ್ಶನ್ ಕೀಲು) ಪ್ಲೇ, ಅಂದ್ರೆ ಸಡಿಲ, ಗೊತ್ತಾಗತ್ತೆ, ಎಡ ಬಲ ಹಿಡಿದು ಅಲ್ಲಾಡಿಸಿದ್ರೆ ಟೈ ರಾಡ್ ಎಂಡ್ (ಸ್ಟೀರಿಂಗ್ ಸಲಾಕೆಯ ತುದಿಯ ಕೀಲು) ಪ್ಲೇ. ನಮ್ಮದರಲ್ಲಿ ಎರಡೂ ಕಡೆ ಪ್ಲೇ ಇರಲಿಲ್ಲ. ಇಲ್ಲೇ ಎಷ್ಟೋ ಜನ ಬೇರಿಂಗ್ ಸರಿ ಇದೆ ಅಂತ ಹೇಳಿ ಕಳಿಸಿಬಿಡ್ತಾರೆ. ಗುಂಯ್ ಅನ್ನೋ ಬೇರಿಂಗಿಗೆ ಪ್ಲೇ ಇರಲೇಬೇಕು ಅಂತಿಲ್ಲ, ಒಳಗಿನ ದಾರಿ ಒರಟಾದ್ರೆ ಸದ್ದು ಬರತ್ತೆ, ಸಡಿಲ ಆಗೋದು ಅದರ ಎಷ್ಟೋ ಸಮಯದ ಮೇಲೆ.

ನಾನು ತುಂಬಾ ನಂಬೋ ಪರೀಕ್ಷೆ ಇದು: ಗೇರ್ ನ್ಯೂಟ್ರಲಲ್ಲಿ ಇಟ್ಟು, ಒಂದು ಕೈ ಸಸ್ಪೆನ್ಶನ್ ಸ್ಪ್ರಿಂಗ್ ಮೇಲೆ ಮೆಲ್ಲಗೆ ಇಟ್ಕೊಂಡು ಇನ್ನೊಂದು ಕೈಲಿ ಚಕ್ರ ತಿರುಗಿಸೋದು. ಕೆಟ್ಟ ಬೇರಿಂಗ್ ಆದ್ರೆ ಕಿವಿಗೆ ಕೇಳದೇ ಇದ್ರೂ ಸ್ಪ್ರಿಂಗಲ್ಲಿ ಸಣ್ಣ ಜುಮುಜುಮು ಕೈಗೆ ಬರತ್ತೆ. ಬಲಗಡೆ ಸ್ಪ್ರಿಂಗ್ ಸುಮ್ನೆ ಇತ್ತು, ಎಡಗಡೆ ಸ್ಪ್ರಿಂಗ್ ನಡುಗ್ತಿತ್ತು. ರಸ್ತೆ ಹೇಳಿದ್ದೂ ಕೈ ಹೇಳಿದ್ದೂ ಒಂದೇ ಆದ್ಮೇಲೆ ಡಿಫರೆನ್ಷಿಯಲ್ ಅನುಮಾನಾನೂ ಬಿಟ್ಟೆ. ತಿರುಗಿಸುವಾಗ ಕರಕರ ಅಂತ ತೆಳು ತಗಡು ಉಜ್ಜೋ ಸದ್ದು ಬಂದ್ರೆ ಗಾಬರಿ ಬೇಡ, ಹೆಚ್ಚಾಗಿ ಬ್ರೇಕ್ ಡಿಸ್ಕಿಗೂ ಅದರ ಹಿಂದಿನ ತಗಡಿಗೂ ಮಧ್ಯೆ ಜಲ್ಲಿ ಚೂರು ಸಿಕ್ಕಿರತ್ತೆ, ಸ್ಕ್ರೂಡ್ರೈವರಲ್ಲಿ ಸ್ವಲ್ಪ ಅಗಲಿಸಿದ್ರೆ ಉದುರಿಹೋಗತ್ತೆ.

ಒಂದು ಚಕ್ರ ಮಾತ್ರ ಎತ್ತಿ ಇಂಜಿನ್ ಸ್ಟಾರ್ಟ್ ಮಾಡಿ ಗೇರಲ್ಲಿ ಓಡಿಸಿ ಸದ್ದು ಕೇಳಿ ಅಂತ ಕೆಲವರು ಹೇಳ್ತಾರೆ, ನಾನು ಅದನ್ನ ಮಾಡಲ್ಲ. ಒಂದು ಚಕ್ರ ನೆಲದಲ್ಲಿ ನಿಂತಿದ್ರೆ ಡಿಫರೆನ್ಷಿಯಲ್ ಇನ್ನೊಂದನ್ನ ಎರಡು ಪಟ್ಟು ಓಡಿಸತ್ತೆ, ಮೀಟರಲ್ಲಿ 40 ತೋರಿಸಿದ್ರೆ ಆ ಚಕ್ರ 80ರಲ್ಲಿ ಇರತ್ತೆ, ಗಾಡಿ ಜಾಕಿಯಿಂದ ಜಾರಿದ್ರೆ ಮುಗೀತು. ಅಷ್ಟೇ ಅಲ್ಲ, ಚಕ್ರ ಕೆಳಗೆ ನೇತಾಡುವಾಗ ಆಕ್ಸಲ್ (ಚಕ್ರ ತಿರುಗಿಸೋ ದಂಡ) ತುಂಬಾ ಓರೆ ಆಗಿ ಅದರ ಸರಿ ಇರೋ ಜಾಯಿಂಟೂ ಸದ್ದು ಮಾಡತ್ತೆ.

ಟಕಟಕ ಸದ್ದಿನ ಕಥೆ ಬೇರೆ. ಅದಕ್ಕೆ ಸ್ಪೀಡ್ ಬೇಡ, ತಿರುವು ಮತ್ತು ಎಳೆತ ಬೇಕು. ಆಗುಂಬೆ ಘಾಟಿಯ 14 ತಿರುವುಗಳನ್ನ ಸೋಮೇಶ್ವರದ ಕಡೆಯಿಂದ ಹತ್ತುವಾಗ ಇದು ಚೆನ್ನಾಗಿ ಕೇಳ್ತಿತ್ತು, ಸ್ಟೀರಿಂಗ್ ತುಂಬಾ ತಿರುಗಿರತ್ತೆ, ಮೊದಲನೇ ಗೇರು, ಇಂಜಿನ್ ಪೂರ್ತಿ ಎಳೀತಿರತ್ತೆ. ಅದೇ ತಿರುವಲ್ಲಿ ಇಳಿಯುವಾಗ ಸದ್ದು ಬಹಳ ಕಮ್ಮಿ. ಆ ವ್ಯತ್ಯಾಸಾನೇ ಸಿವಿ ಜಾಯಿಂಟ್ ಅಂತ ಹೇಳತ್ತೆ, ಅಂದ್ರೆ ಚಕ್ರ ಓರೆ ಆದಾಗ್ಲೂ ಎಳೆತ ಮುಟ್ಟಿಸೋ ಆಕ್ಸಲ್ ಕೀಲು, ಚಕ್ರದ ಕಡೆ ಇರೋದು ಹೊರಗಿನದು, ಗೇರ್‌ಬಾಕ್ಸ್ ಕಡೆ ಇರೋದು ಒಳಗಿನದು. ಹೊರಗಿನ ಜಾಯಿಂಟ್ ಒಳಗೆ 6 ಗುಂಡು ಇರತ್ತೆ, ಅವು ಓಡೋ ದಾರಿ ಸವೆದು ಗುಳಿ ಬಿದ್ದಿದ್ರೆ ಓರೆಯಾಗಿ ಭಾರ ಬಿದ್ದಾಗ ಗುಂಡು ಗುಳಿ ಹತ್ತಿ ಇಳಿಯತ್ತೆ, ಅದೇ ಟಕ್. ಒಳಗಿನ ಜಾಯಿಂಟ್ ಹೋದ್ರೆ ಲಕ್ಷಣ ಬೇರೆ, ನೇರ ರಸ್ತೇಲೇ ಆಕ್ಸಲರೇಟರ್ ಕೊಟ್ಟಾಗ ಗಾಡಿ ನಡುಗತ್ತೆ, ಬಿಟ್ರೆ ನಿಲ್ಲತ್ತೆ.

ಘಾಟಿಯಲ್ಲಿ ನಿಂತು ಕೇಳೋಕಾಗಲ್ಲ, ಹಾಗಾಗಿ ಉಳಿದದ್ದು ನಮ್ಮ ಅಡಿಕೆ ಕಣದಲ್ಲಿ. ಕೊಯ್ಲು ಇನ್ನೂ ಶುರುವಾಗಿರಲಿಲ್ಲ, ಕಣ ಖಾಲಿ. ಹುಡುಗನಿಗೆ ಪೂರ್ತಿ ಸ್ಟೀರಿಂಗ್ ತಿರುಗಿಸಿ ನಡಿಗೆ ಸ್ಪೀಡಲ್ಲಿ ಸುತ್ತು ಹೊಡೆಯೋಕೆ ಹೇಳಿ ನಾನು ಹೊರಗೆ ದೂರ ನಿಂತ್ಕೊಂಡು ಕೇಳಿದೆ, ಮುಂದಕ್ಕೂ ರಿವರ್ಸಲ್ಲೂ. ನಮ್ಮದು 165/80 ಆರ್ 14 ಟೈರ್, ಒಂದು ಸುತ್ತಿಗೆ ಎರಡು ಮೀಟರಿಗೆ ಸ್ವಲ್ಪ ಕಮ್ಮಿ ದೂರ ಹೋಗತ್ತೆ, 5 ಕಿ.ಮೀ. ವೇಗದಲ್ಲಿ ಒಂದು ಸುತ್ತಿಗೆ ಸುಮಾರು ಒಂದೂವರೆ ಸೆಕೆಂಡ್, ಅಷ್ಟು ನಿಧಾನ ಆದ್ರೆ ಚಕ್ರ ನೋಡ್ತಾ ಟಕ್‌ಗಳನ್ನ ಎಣಿಸ್ಬಹುದು. ಚಕ್ರದ ಸುತ್ತಿನ ಜೊತೆ ಲೆಕ್ಕ ಕೂಡಿದ್ರೆ ಅದು ತಿರುಗೋ ಭಾಗದ್ದೇ, ಕೂಡದೇ ಗುಂಡಿ ಸಿಕ್ಕಾಗ ಮಾತ್ರ ಬಂದ್ರೆ ಸಸ್ಪೆನ್ಶನ್‌ದು. ಕಿಟಕಿ ಇಳಿಸಿ ಜಂಬಿಟ್ಟಿಗೆ ಕಾಂಪೌಂಡ್ ಪಕ್ಕ ನಿಧಾನ ಹೋಗೋದೂ ಒಳ್ಳೇ ಉಪಾಯ, ಆ ಕಡೆ ಚಕ್ರದ ಸದ್ದು ಗೋಡೆಗೆ ಹೊಡೆದು ವಾಪಸ್ ಬರತ್ತೆ.

ಎಡಕ್ಕೆ ತಿರುಗಿದಾಗ ಬಂದ್ರೆ ಈ ಕಡೆ ಜಾಯಿಂಟು, ಬಲಕ್ಕೆ ಬಂದ್ರೆ ಆ ಕಡೆದು ಅಂತ ಜನ ಹೇಳೋ ಸೂತ್ರನ ನಾನು ನಂಬಲ್ಲ, ಎರಡೂ ಜಾಯಿಂಟು ಒಟ್ಟಿಗೇ ಓರೆ ಆಗತ್ತೆ. ಕಣ್ಣಲ್ಲಿ ನೋಡೋದೇ ಸರಿ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಚಕ್ರದ ಹಿಂದೆ ಟಾರ್ಚ್ ಬಿಟ್ರೆ ಆಕ್ಸಲ್ ಬೂಟ್ (ಜಾಯಿಂಟ್ ಮುಚ್ಚೋ ರಬ್ಬರ್ ಕವರ್) ಕಾಣತ್ತೆ, ಅದರ ಮಡಿಕೆಗಳನ್ನ ಬೆರಳಲ್ಲಿ ಬಿಡಿಸಿ ನೋಡ್ಬೇಕು, ಹರಿದಿರೋದು ಮಡಿಕೆ ಸಂದೀಲೇ. ನಮ್ಮದು ಎಡಗಡೆ ಹೊರಗಿನ ಬೂಟ್ ಅರ್ಧ ಸುತ್ತು ಹರಿದಿತ್ತು, ಕಪ್ಪು ಗ್ರೀಸ್ ರಿಮ್ ಒಳಗೆಲ್ಲಾ ಚಿಮ್ಮಿತ್ತು, ಒಳಗೆ ಕೆಂಪು ಮಣ್ಣು ಗ್ರೀಸ್ ಜೊತೆ ಕಲೆತು ಹೋಗಿತ್ತು.

ಎರಡೂ ಎಡಗಡೆನೇ ಆಗಿದ್ದು ಆಶ್ಚರ್ಯ ಅಲ್ಲ. ನಮ್ಮ ಕಡೆ ರಸ್ತೆ ಕಿರಿದು, ಎದುರಿಗೆ ಬಸ್ ಬಂದ್ರೆ ಎಡಗಡೆ ಚಕ್ರ ಟಾರ್ ಅಂಚಿಂದ ಕೆಳಗೆ ಇಳೀಲೇಬೇಕು, ಅಂಚು ಎಷ್ಟೋ ಕಡೆ ಗೇಣುದ್ದ ಕೊರೆದು ಹೋಗಿರತ್ತೆ, ಇಳಿಯೋವಾಗ ಒಂದು ಪೆಟ್ಟು ಹತ್ತೋವಾಗ ಒಂದು ಪೆಟ್ಟು, ಮುಳ್ಳು ಕಡ್ಡಿ ಎಲ್ಲಾ ಆ ಕಡೆನೇ. ನೀರೂ ಅಂಚಲ್ಲೇ ನಿಂತಿರೋದು, ಬಿಸಿ ಹಬ್ (ಚಕ್ರ ಕೂರೋ ನಡುಭಾಗ) ನೀರಿಗೆ ಬಿದ್ದು ತಣ್ಣಗಾದಾಗ ಸೀಲ್ ಹಳೇದಾಗಿದ್ರೆ ನೀರು ಒಳಗೆ ಎಳ್ಕೊಳ್ಳತ್ತೆ.

ಬಿಚ್ಚೋದ್ರಲ್ಲಿ ಹೇಳ್ಬೇಕಾದ್ದು ಸ್ವಲ್ಪವೇ. ಆಕ್ಸಲ್ ನಟ್‌ನ ಚಕ್ರ ನೆಲದ ಮೇಲಿರುವಾಗ್ಲೇ ಸಡಿಲ ಮಾಡಿಕೊಳ್ಳಿ, ಬ್ರೇಕ್ ಒತ್ತಿ ಹಿಡಿಯೋಕೆ ಒಬ್ಬರು ಬೇಕು. ಬ್ರೇಕ್ ಕ್ಯಾಲಿಪರ್ (ಡಿಸ್ಕ್ ಹಿಡಿಯೋ ಭಾಗ) ಬಿಚ್ಚಿದ ಮೇಲೆ ಹೋಸ್ ಮೇಲೆ ನೇತಾಡೋಕೆ ಬಿಡದೆ ತಂತಿಯಲ್ಲಿ ಸ್ಪ್ರಿಂಗಿಗೆ ಕಟ್ಟಿ. ನಾನು ನಕಲ್ (knuckle, ಬೇರಿಂಗ್ ಕೂರೋ ಕಬ್ಬಿಣದ ಭಾಗ) ಬಿಚ್ಚಿ ಶಿವಮೊಗ್ಗದ ಆಟೋ ಕಾಂಪ್ಲೆಕ್ಸಲ್ಲಿ ಹೈಡ್ರಾಲಿಕ್ ಪ್ರೆಸ್ ಇರೋ ಲೇತ್ ಅಂಗಡಿಗೆ ತಗೊಂಡು ಹೋದೆ. ಬೇರಿಂಗ್‌ನ ಸುತ್ತಿಗೇಲಿ ಹೊಡೆದು ಕೂರಿಸೋಕೆ ಯಾರಿಗೂ ಬಿಡ್ಬೇಡಿ, ದಯವಿಟ್ಟು. ನಕಲ್ ಒಳಗೆ ಹೋಗುವಾಗ ಹೊರಗಿನ ರಿಂಗ್ ಮೇಲೆ ಮಾತ್ರ ಒತ್ತಡ ಬೀಳ್ಬೇಕು, ಹಬ್ ಒತ್ತುವಾಗ ಒಳಗಿನ ರಿಂಗಿಗೆ ಕೆಳಗಿಂದ ಆಸರೆ ಇರ್ಬೇಕು, ತಪ್ಪಿದ್ರೆ ಒತ್ತಡ ಗುಂಡುಗಳ ಮೂಲಕ ಹೋಗಿ ಹೊಸ ಬೇರಿಂಗಲ್ಲೇ ಗುಳಿ ಬಿದ್ದು ಸ್ವಲ್ಪ ದಿನಕ್ಕೆ ಮತ್ತೆ ಗುಂಯ್. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯೋ ವ್ಯವಸ್ಥೆ) ಇರೋ ಗಾಡೀಲಿ ಕೆಲವು ಬೇರಿಂಗಿನ ಒಂದು ಬದಿ ಸೀಲಲ್ಲಿ ಮ್ಯಾಗ್ನೆಟ್ ಇರತ್ತೆ, ಅದು ಸೆನ್ಸರ್ ಕಡೆಗೇ ಬರ್ಬೇಕು. ಹಳೇ ಬೇರಿಂಗ್ ಬಿಡಿಸಿ ನೋಡಿದೆ, ಗ್ರೀಸ್ ತುಕ್ಕು ಬಣ್ಣಕ್ಕೆ ತಿರುಗಿತ್ತು, ಹೊರಗಿನ ರಿಂಗ್ ಒಳಮೈ ಒಂದು ಕಡೆ ಚಕ್ಕೆ ಎದ್ದಿತ್ತು.

ಸಿವಿ ಜಾಯಿಂಟಿಗೆ ಬರೀ ಬೂಟ್ ಹಾಕಿ ಅಂತ ಅಂಗಡೀಲಿ ಕೇಳಿದ್ರು. ಸದ್ದು ಬರೋಕೆ ಮುಂಚೆ ಹರಿದದ್ದು ಕಂಡಿದ್ರೆ ಬೂಟ್ ಮತ್ತು ಹೊಸ ಗ್ರೀಸ್ ಸಾಕು, ಟಕ್ ಅಂತ ಶುರುವಾದ್ಮೇಲೆ ಒಳಗೆ ಗುಳಿ ಬಿದ್ದಾಗಿದೆ, ಗ್ರೀಸ್ ಅದನ್ನ ತುಂಬಲ್ಲ. ಹೊರಗಿನ ಜಾಯಿಂಟ್ ಹೊಸದು ಹಾಕಿದೆ, ಕಿಟ್ಟಲ್ಲಿ ಬರೋ ಮೊಲಿ (ಮಾಲಿಬ್ಡಿನಮ್) ಗ್ರೀಸ್ ಪೂರ್ತಿ ತುಂಬಿದೆ, ಹೊಸ ಕ್ಲಿಪ್, ಹೊಸ ನಟ್. ನಟ್ ಟೈಟನ್ನ ಆಯಾ ಗಾಡಿಯ ಸರ್ವಿಸ್ ಪುಸ್ತಕದಲ್ಲಿ ಕೊಟ್ಟಷ್ಟೇ ಟಾರ್ಕ್ ರೆಂಚಲ್ಲಿ ಮಾಡ್ಬೇಕು, ಬೇರಿಂಗ್ ಎಷ್ಟು ದಿನ ಬಾಳತ್ತೆ ಅನ್ನೋದು ಅದರ ಮೇಲೂ ಇದೆ. ಸ್ಟ್ರಟ್ (ಸ್ಪ್ರಿಂಗ್ ಹೊತ್ತ ಸಸ್ಪೆನ್ಶನ್ ಕಂಬ) ಬೋಲ್ಟ್ ಬಿಚ್ಚಿದ್ದರಿಂದ ಅಲೈನ್‌ಮೆಂಟ್ ಮಾಡಿಸಿದೆ.

ಲಿಂಕ್ ರಾಡ್ (ತಿರುವಲ್ಲಿ ಗಾಡಿ ವಾಲೋದನ್ನ ಕಮ್ಮಿ ಮಾಡೋ ಸ್ಟೆಬಿಲೈಜರ್ ಬಾರನ್ನ ಸಸ್ಪೆನ್ಶನಿಗೆ ಸೇರಿಸೋ ಸಣ್ಣ ಸಲಾಕೆ) ಬಗ್ಗೆ ಒಂದು ಮಾತು, ಹಂಪ್ ಮತ್ತು ಸಣ್ಣ ಗುಂಡಿಗಳಲ್ಲಿ ಲೊಟಕ್ ಅನ್ನೋದಕ್ಕೆ ಹೆಚ್ಚಾಗಿ ಅದೇ ಕಾರಣ. ಒಂದೇ ಚಕ್ರ ಎತ್ತಿ ನೋಡಿದ್ರೆ ಸ್ಟೆಬಿಲೈಜರ್ ಬಾರ್ ಬಿಗಿಯಾಗಿ ಎಳೆದಿರತ್ತೆ, ಸಡಿಲ ಗೊತ್ತಾಗಲ್ಲ. ಎರಡೂ ಚಕ್ರ ನೆಲದಲ್ಲಿ ಇರ್ಬೇಕು, ಇಲ್ಲಾ ಎರಡೂ ಮೇಲಿರ್ಬೇಕು, ಆಗ ರಾಡ್ ಹಿಡಿದು ಅಲ್ಲಾಡಿಸಿ.

ಎಲ್ಲಾ ಹಾಕಿ ಮತ್ತೆ ಮಂಡಗದ್ದೆ ದಾರೀಲಿ 50ರಲ್ಲಿ ಹೋದಾಗ ಬಲ ತಿರುವಲ್ಲೂ ಗುಂಯ್ ಇಲ್ಲ, ಆಗುಂಬೆ ಹತ್ತುವಾಗ ಟಕ್ ಇಲ್ಲ. ಹಳೇ ಟಾರ್ ಸಿಕ್ಕಲ್ಲಿ ಸಣ್ಣ ಸದ್ದು ಇನ್ನೂ ಇದೆ, ಅದು ಟೈರ್‌ದು, ಹಲ್ಲು ಏರುಪೇರಾಗಿ ಸವೆದಿದೆ. ಟ್ರೆಡ್ ಇನ್ನೂ ಬೇಕಾದಷ್ಟಿದೆ, ಮುಂದಿನ ಮಳೆಗಾಲದ ಒಳಗೆ ಬದಲಾಯಿಸ್ತೀನಿ.